ಇಪ್ಪತ್ತೊಂದು ಗೇರಿನ ಹರಕೆ

ನಾಸಿಕದಲ್ಲಿ ಸುಳ್ಳು ಹೇಳಬಾರದು ಎಂದು ಉಪದೇಶ ಮಾಡುವಷ್ಟು ಯೋಗ್ಯತೆ ನನಗಿಲ್ಲ. ಇಪ್ಪತ್ತೆರಡು ವರ್ಷ ಬ್ಯಾಂಕಿನಲ್ಲಿ ಕೂತು 'ಸರ್ವರ್ ಡೌನ್ ಅದ' ಎಂದು ಹೇಳಿದವನು ನಾನು. ಆದರೆ ಹೇಳುವ ಸುಳ್ಳಿನಲ್ಲಿ ಜ್ಯೋತಿರ್ಲಿಂಗದ ಹೆಸರು ಬರದಂತೆ ನೋಡಿಕೊಳ್ಳಬೇಕು. ಒಂದೇ ಉಸಿರಿನಲ್ಲಿ ಎರಡು ಜ್ಯೋತಿರ್ಲಿಂಗಗಳ ಹೆಸರು ತಂದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮೇಲಿನ ಮನೆಯ ವಿಶ್ವನಾಥಪ್ಪನವರು ಸಾಕ್ಷಿ. ಅವರ ಹಿಂದೆ ಮೂರು ದಿನ ಆಮೆಯ ವೇಗದಲ್ಲಿ ಓಡಿದ ನನ್ನ ಸ್ಕೂಟರೂ ಸಾಕ್ಷಿ.

ವಿಶ್ವನಾಥಪ್ಪನವರು ಭಾಲ್ಕಿ ಕಡೆಯವರು. ನಾಸಿಕದ ಸಾತಪುರದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಸ್ಟೋರ್ ಕೀಪರ್. ಈ ವರ್ಷದ ತಪಾಸಣೆಯಲ್ಲಿ ಕಂಪನಿಯ ಡಾಕ್ಟರು ಅವರ ಹೊಟ್ಟೆಯನ್ನು ಎರಡು ಕಡೆ ಒತ್ತಿ ನೋಡಿ, ಇದನ್ನು ಇಳಿಸಬೇಕು ಎಂದರು. ಹೆಂಡತಿ ಭುವನೇಶ್ವರಿ ಖರ್ಚಿಲ್ಲದ ಉಪಾಯ ಹೇಳಿದರು: "ದಿನಾ ಕಂಪನಿಗೆ ನಡಕೋತ ಹೋಗ್ರಿ. ಎರಡ ಕಿಲೋಮೀಟರ್ ಅದ."

"ನಡದರ ಗಾಡಿ ಮಾರ್ಯಾನ ಅಂತಾರ," ಎಂದರು ವಿಶ್ವನಾಥಪ್ಪ.

"ಹಂಗಾದ್ರ ಸೈಕಲ್ ಹೊಡೀರಿ."

"ಸಾದಾ ಸೈಕಲ್ ಹೊಡದರ ನೌಕರಿ ಹೋಗ್ಯಾದ ಅಂತಾರ."

ಇದಕ್ಕೆ ಅವರೇ ಒಂದು ಮೂರನೆಯ ದಾರಿ ಕಂಡುಹಿಡಿದಿದ್ದರು. ಅವರ ಕಂಪನಿಯ ಜನರಲ್ ಮ್ಯಾನೇಜರು ರವಿವಾರ ಬೆಳಿಗ್ಗೆ ಗಂಗಾಪುರ ರೋಡಿನಲ್ಲಿ ದಪ್ಪ ಟಯರಿನ ಮೌಂಟನ್ ಬೈಕ್ ಹೊಡೆಯುತ್ತಿದ್ದರು. ತಲೆಗೆ ಹೆಲ್ಮೆಟ್, ಮೈಗೆ ಅಂಟಿದ ಅಂಗಿ. ಅವರನ್ನು ನೋಡಿ ಯಾರೂ 'ಅಯ್ಯೋ ಪಾಪ' ಅನ್ನುತ್ತಿರಲಿಲ್ಲ. ಸೈಕಲ್ಲಿಗೆ ಗೇರು ಬಂತೆಂದರೆ ಬಡತನ ಹೋಗಿ ಆರೋಗ್ಯವಾಗುತ್ತದೆ ಎಂಬುದನ್ನು ವಿಶ್ವನಾಥಪ್ಪನವರು ಅಲ್ಲೇ ಕಲಿತರು. ಭುವನೇಶ್ವರಿಯವರು ಹನ್ನೆರಡು ಸಾವಿರ ಮಂಜೂರು ಮಾಡಿದರು, ಅದರ ಮೇಲೆ ಬೆಲ್ಲಿಗೂ ಕೊಡುವುದಿಲ್ಲ ಎಂದರು.

ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. ಬ್ಯಾಂಕಿನವರು ಜೊತೆಗಿದ್ದರೆ ಮೋಸವಾಗುವುದಿಲ್ಲ ಎಂದು ಅವರ ನಂಬಿಕೆ. ಆ ನಂಬಿಕೆಯನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ. ಅವರ ಜೇಬಿನಲ್ಲಿ ಸ್ಟೋರಿನ ವರ್ನಿಯರ್ ಕ್ಯಾಲಿಪರ್ ಎಂಬ ಅಳತೆಯ ಸಲಕರಣೆ ಬೇರೆ ಇತ್ತು. ಅಳತೆ ನೋಡದೆ ಒಂದು ವಾಷರನ್ನೂ ಒಳಗೆ ಬಿಟ್ಟುಕೊಂಡ ಮನುಷ್ಯನಲ್ಲ ಅವರು. ಸಾಲಾಗಿ ನಿಂತ ಸೈಕಲ್ಲುಗಳ ಟಯರು, ಫ್ರೇಮು, ಸ್ಪೋಕು ಎಲ್ಲವನ್ನೂ ಅಳೆದು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡರು. ಫ್ರೇಮಿಗೆ ಬೆರಳಿನ ಗೆಣ್ಣಿನಿಂದ ಬಡಿದು ಕಿವಿಯಿಟ್ಟು ಕೇಳಿದರು. ಏನು ಕೇಳಿಸಿತೋ ದೇವರೇ ಬಲ್ಲ, ತಲೆ ಮಾತ್ರ ಗಂಭೀರವಾಗಿ ಆಡಿಸಿದರು.

ಅಂಗಡಿಯ ಸಮೀರ ಎಂಬ ಸೇಲ್ಸ್‌ಮನ್ ಸತ್ಯವಂತ ಹುಡುಗ. "ಕಾಕಾ, ಬಾರಾ ಹಜಾರ್ ಮೇ ಗೇರ್ ಮತ್ ಲೋ," ಎಂದ. ಈ ಬೆಲೆಗೆ ಗೇರಿಲ್ಲದ ಸೈಕಲ್ ತಗೊಂಡರೆ ಒಳ್ಳೆಯ ಚಕ್ರ, ಹಗುರ ಫ್ರೇಮು ಸಿಗುತ್ತದೆ. ಗೇರು, ಶಾಕಪ್, ಡಿಸ್ಕ್ ಬ್ರೇಕು ಎಲ್ಲಾ ಬೇಕೆಂದರೆ ಎಲ್ಲವೂ ಹೆಸರಿಗೆ ಮಾತ್ರ ಇರುತ್ತವೆ ಎಂದು ಹಿಂದಿಯಲ್ಲಿ ಬಿಡಿಸಿ ಹೇಳಿದ. ಇಷ್ಟು ನೇರವಾಗಿ ಹೇಳುವ ಹುಡುಗ ನಮ್ಮ ಬ್ಯಾಂಕಿನಲ್ಲಿದ್ದಿದ್ದರೆ ಎಂದೋ ವರ್ಗವಾಗುತ್ತಿದ್ದ.

ವಿಶ್ವನಾಥಪ್ಪನವರು ನನ್ನ ಕಿವಿಯಲ್ಲಿ ಹೇಳಿದರು: "ಬ್ಯಾಂಕ್ ಸಾಹೇಬ್ರ, ಅದೇ ರೊಕ್ಕಕ್ಕ ಇಪ್ಪತ್ತೊಂದ್ ಗೇರ್ ಕೊಡಾಕತ್ಯಾರ. ಒಂದೇ ಯಾಕ ತಗೊಳ್ಳಬೇಕ್ರಿ?"

ಕಡೆಗೆ ಸಮೀರ, ಯಾತಕ್ಕೆ ಬೇಕು, ಎಷ್ಟು ಓಡಿಸುತ್ತೀರಿ ಎಂಬ ಕೇಳಬಾರದ ಪ್ರಶ್ನೆ ಕೇಳಿದ. "ಯೂಸ್ ಕ್ಯಾ ಹೈ, ಕಾಕಾ? ಕಿತನಾ ಚಲಾಯೇಂಗೆ?"

ಮನೆಯಿಂದ ಕಂಪನಿಗೆ ಎರಡು ಕಿಲೋಮೀಟರು ಎಂದು ಹೇಳಬಹುದಿತ್ತು. ಆದರೆ ಪಕ್ಕದಲ್ಲೇ ಮೈಗಂಟಿದ ಬಟ್ಟೆಯ ಗಂಡ ಹೆಂಡತಿ ನಿಂತು ಲಡಾಖ್‌ಗೆ ಹೋದ ಸೈಕಲ್ ಯಾತ್ರೆಯ ಮಾತಾಡುತ್ತಿದ್ದರು. ವಿಶ್ವನಾಥಪ್ಪನವರು ಹೊಟ್ಟೆಯನ್ನು ಒಳಗೆಳೆದುಕೊಂಡರು.

"ತ್ರ್ಯಂಬಕ್ ಸೇ ವೇರೂಳ್," ಎಂದರು.

ನಾಸಿಕದ ಪಕ್ಕದ ತ್ರ್ಯಂಬಕೇಶ್ವರದಿಂದ ಸಂಭಾಜಿನಗರದ ಪಕ್ಕದ ವೇರೂಳ ಘೃಷ್ಣೇಶ್ವರದವರೆಗೆ, ಒಂದು ಜ್ಯೋತಿರ್ಲಿಂಗದಿಂದ ಇನ್ನೊಂದಕ್ಕೆ, ಇನ್ನೂರು ಕಿಲೋಮೀಟರು, ಅದೂ ಶ್ರಾವಣ ಎದುರಿಗಿರುವಾಗ. ಲಡಾಖ್‌ನವರು ಬಾಯಿ ಮುಚ್ಚಿದರು. ಅಂಗಡಿಯ ಮಾಲೀಕ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದು ಕೈ ಮುಗಿದ. ಬೆಲ್ಲು ಪುಕ್ಕಟೆ, ನೀರಿನ ಬಾಟಲಿ ಪುಕ್ಕಟೆ, ಹ್ಯಾಂಡಲಿಗೆ ಒಂದು ಭಗವಾ ಧ್ವಜವೂ ಪುಕ್ಕಟೆ. ಇಪ್ಪತ್ತೊಂದು ಗೇರಿನ ಕೆಂಪು ಸೈಕಲ್ಲಿನ ಪಕ್ಕ ವಿಶ್ವನಾಥಪ್ಪನವರನ್ನು ನಿಲ್ಲಿಸಿ ಫೋಟೋ ತೆಗೆದು, ಅಂಗಡಿಯ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ. ಬೇಡ ಎನ್ನಲು ವಿಶ್ವನಾಥಪ್ಪನವರು ಬಾಯಿ ತೆರೆದದ್ದು ಫೋಟೋದಲ್ಲಿ ಭಕ್ತಿಯ ನಗುವಾಗಿ ಬಂತು.

ಇನ್ನು ನನ್ನ ಪಾಪವನ್ನೂ ಹೇಳಿಬಿಡುತ್ತೇನೆ. ಸಂಜೆ ಕಿರಾಣಿ ಅಂಗಡಿ ಮಹಾದೇವಪ್ಪನವರ ಮುಂದೆ ಈ ಸಂಗತಿಯನ್ನು ನಾನು ನಗೆಚಾಟಿಕೆ ಎಂದು ಹೇಳಿದೆ. ಹುಮನಾಬಾದಿನ ಮಹಾದೇವಪ್ಪನವರು ನಗಲಿಲ್ಲ. ತಕ್ಕಡಿಯನ್ನು ಕೆಳಗಿಟ್ಟು ಎರಡೂ ಕಿವಿ ಮುಟ್ಟಿಕೊಂಡರು.

"ಎರಡ್ ಜ್ಯೋತಿರ್ಲಿಂಗದ ಹೆಸರು ನಾಕ್ ಮಂದಿ ಮುಂದ ತಗೊಂಡ ಮ್ಯಾಲ ಅದು ಮಾತಲ್ರಿ ಸಾಹೇಬ್ರ, ಹರಕಿ," ಎಂದರು. "ಮೊದಲೇ ಹೇಳಿದ್ರ ನಾಕ್ ಮೂಟಿ ಕಾಯಿ ಹೆಚ್ಚಿಗಿ ತರಸ್ತಿದ್ದೆ."

ನಮ್ಮ ಕಡೆ ಒಬ್ಬರು ಕ್ಷೇತ್ರಕ್ಕೆ ಹೊರಟರೆ ಒಬ್ಬರೇ ಹೊರಡುವುದಿಲ್ಲ. ಹೋಗಲಾರದವರೆಲ್ಲ ತಮ್ಮ ಹೆಸರಿನಲ್ಲಿ ಒಂದು ಕಾಯಿ, ಒಂದಿಷ್ಟು ಕಾಣಿಕೆ ಕೊಟ್ಟು ಕಳಿಸುತ್ತಾರೆ. ಎರಡು ದಿನದಲ್ಲಿ ವಿಶ್ವನಾಥಪ್ಪನವರ ಪಡಸಾಲೆಯಲ್ಲಿ ಹತ್ತೊಂಬತ್ತು ತೆಂಗಿನಕಾಯಿ ಕೂತವು. ಎದುರು ಮನೆಯ ನಾಗಮ್ಮ ಕಾಯಿಯ ಜೊತೆ ನಿಯಮಗಳನ್ನೂ ತಂದರು: ಹರಕೆ ಹೊತ್ತವರು ಉಳ್ಳಾಗಡ್ಡಿ ತಿನ್ನಬಾರದು, ಮಂಚದ ಮೇಲೆ ಮಲಗಬಾರದು, ಸಿಟ್ಟು ಮಾಡಬಾರದು. ವಿಶ್ವನಾಥಪ್ಪನವರು ಚಾಪೆಗೆ ಬಂದರು. ಸ್ಟೋರಿನಲ್ಲಿ ಸಪ್ಲೈಯರುಗಳು ಈ ಮೂರನೆಯ ನಿಯಮವನ್ನು ತಿಳಿದುಕೊಂಡು ತಿರಸ್ಕೃತವಾದ ಮಾಲನ್ನೆಲ್ಲ ಮತ್ತೆ ಕಳಿಸತೊಡಗಿದರು.

ಭುವನೇಶ್ವರಿಯವರ ಚಿಂತೆ ಬೇರೆ. "ಹರಕಿ ಯಾತರದ್ದು, ಅದರ ಹೇಳ್ರಿ. ನೀರ ತರಾಕ ಹೋದ್ರ ನಾಕ್ ಮಂದಿ ಕೇಳ್ತಾರ. ನನಗ ಏನರ ಜಡ್ಡು ಬಂದದ ಅಂತ ನಾಗಮ್ಮ ಕಣ್ಣೀರ ಹಾಕಿದಳು. ನನಗೇನಾಗ್ಯಾದ?"

"ನಿನಗೇನಾಗಿಲ್ಲ."

"ಹಂಗಾದ್ರ ನಿಮಗೇನಾಗ್ಯಾದ?"

ವಿಶ್ವನಾಥಪ್ಪನವರು ಎದ್ದು ಕಾಯಿಗಳನ್ನು ಎಣಿಸತೊಡಗಿದರು. ಮಗಳು ಅಶ್ವಿನಿ ಮೊಬೈಲಿನಲ್ಲಿ ನಕಾಶೆ ತೆಗೆದು ತೋರಿಸಿದಳು. ನಾಸಿಕದಲ್ಲೇ ಬೆಳೆದ ಹುಡುಗಿ, ಕನ್ನಡ ತಿಳಿಯುತ್ತದೆ, ಬಾಯಿಗೆ ಮರಾಠಿ ಬರುತ್ತದೆ. "ಬಾಬಾ, ತುಮ್ಹಾಲಾ ಜಿನಾ ಚಢತಾನಾ ದಮ ಲಾಗತೋ," ಎಂದಳು. ಮೆಟ್ಟಿಲು ಹತ್ತಿದರೆ ತೇಕು ಬರುವ ಮನುಷ್ಯ ಇನ್ನೂರು ಕಿಲೋಮೀಟರು ಹೇಗೆ ಹೋಗುತ್ತಾರೆ ಎಂಬುದು ಅವಳ ಪ್ರಶ್ನೆ. ನ್ಯಾಯವಾದ ಪ್ರಶ್ನೆ.

ಮೂರನೆಯ ದಿನ ವಿಶ್ವನಾಥಪ್ಪನವರು ನನ್ನನ್ನು ಮೇಲೆ ಕರೆದರು. ಮುಖ ಬಾಡಿತ್ತು. "ಬ್ಯಾಂಕ್ ಸಾಹೇಬ್ರ, ಸತ್ಯ ಹೇಳಿಬಿಡ್ತೀನ್ರಿ. ಸುಳ್ಳು ಹೇಳಿದ್ದೆ, ತಪ್ಪಾಯ್ತು ಅಂತೀನಿ. ಎರಡ್ ದಿನ ನಗ್ತಾರ, ಬಿಡ್ತಾರ. ಕಾಯಿ ವಾಪಸ್ ಕೊಡಾಕ ನೀವೂ ಜೋಡಿ ಬರ್ರಿ." ನಾನೂ ಒಪ್ಪಿದೆ. ಒಂದು ಚೀಲದಲ್ಲಿ ಕಾಯಿ ತುಂಬಿಕೊಂಡು ಬಾಗಿಲು ತೆರೆದೆವು. ಬಾಗಿಲ ಮುಂದೆ ಕಸ್ತೂರಿಬಾಯಿ ನಿಂತಿದ್ದರು.

ಕಸ್ತೂರಿಬಾಯಿ ಕೆಳಗಿನ ಮನೆಯವರು, ಆಳಂದದ ಕಡೆಯವರು, ಎಪ್ಪತ್ತಾರು ವರ್ಷ. ನಮ್ಮ ಬಿಲ್ಡಿಂಗಿಗೆಲ್ಲ ಅವರು 'ಆಯಿ'. ಮೊಣಕಾಲು ನೋವಿನಿಂದ ಎರಡು ವರ್ಷದಿಂದ ಒಂದು ಮೆಟ್ಟಿಲೂ ಹತ್ತದವರು ಎರಡು ಅಂತಸ್ತು ಹತ್ತಿ ಬಂದು ಗೋಡೆಗೆ ಕೈಯಿಟ್ಟು ನಿಂತಿದ್ದರು. ಹಿಂದೆ ಅವರ ಮಗ ರವಿಕಾಂತ. ಅವನಿಗೆ ಮೂವತ್ತಾರು ವರ್ಷ, ಸಾತಪುರದಲ್ಲೇ ಶಿಫ್ಟ್ ಕೆಲಸ. ಆಯಿಯ ಕೈಯಲ್ಲಿ ಬಣ್ಣಗೆಟ್ಟ ಹಳದಿ ಬಟ್ಟೆಯ ಒಂದು ಸಣ್ಣ ಗಂಟಿತ್ತು.

"ವಿಶ್ವನಾಥಪ್ಪಾ, ನೀ ಸೈಕಲ್ ಮ್ಯಾಲ ವೇರೂಳಕ್ಕ ಹೊಂಟಿದಿ ಅಂತ, ಖರೇ ಏನಪ್ಪಾ?"

ವಿಶ್ವನಾಥಪ್ಪನವರು ಚೀಲವನ್ನು ಬೆನ್ನ ಹಿಂದೆ ಸರಿಸಿದರು.

"ಇಂವ ಆರು ವರ್ಷದವ ಇದ್ದಾಗ ಕಾಮಣಿ ಬ್ಯಾನಿ ಆಗಿ ಕಣ್ಣು ತೆರೀದಂಗ ಬಿದ್ದಿದ್ದ," ಎಂದರು ಆಯಿ, ಮಗನ ಕಡೆ ನೋಡಿ. "ಡಾಕ್ಟರು ಕೈ ಬಿಟ್ಟಿದ್ರು. ಆವಾಗ ನಮ್ಮ ಮನಿಯವರು ಬೇಡಿಕೊಂಡ್ರು, ಹುಡುಗ ಎದ್ದು ಕುಂತ್ರ ನನ್ನ ಸೈಕಲ್ ಮ್ಯಾಲೇ ವೇರೂಳಕ್ಕ ಬಂದು ಮುಡಿಪು ಮುಟ್ಟಿಸ್ತೀನಿ ಅಂತ. ಇಂವ ಎದ್ದ. ಅವರಿಗೆ ರಜಾ ಸಿಗಲಿಲ್ಲ. ಬರೋ ಶ್ರಾವಣ, ಬರೋ ಶ್ರಾವಣ ಅಂತಂದು ಅವರೇ ಹೋಗಿಬಿಟ್ರು. ಇಂವ ಕಾರಿನ್ಯಾಗ ಒಯ್ಯೋಣು ಅಂತಾನ. ಕಾರಿನ್ಯಾಗ ಬರ್ತೀನಿ ಅಂತ ಅವರು ಹೇಳಿರಲಿಲ್ಲಪ್ಪಾ. ಯಾರ ಸಲುವಾಗಿ ಬೇಡಿಕೊಂಡಾರೋ ಅವರೂ ಮುಡಿಪು ಒಯ್ಯಬಾರ್ದು. ಮೂವತ್ತ್ ವರ್ಷ ಆತು, ಸೈಕಲ್ ಮ್ಯಾಲ ಹೋಗೋರನ್ನ ನೋಡ್ಕೋತ ಕುಂತೀನಿ."

ರವಿಕಾಂತ ಸೀನಿದರೂ ಆಯಿ ಪೂರ್ವದ ಕಡೆ ತಿರುಗಿ ಕೈ ಮುಗಿಯುವುದನ್ನು ನಾವೆಲ್ಲ ನೋಡಿದ್ದೆವು. ಕಾರಣ ಈಗ ತಿಳಿಯಿತು, ವೇರೂಳ ಆ ದಿಕ್ಕಿಗಿತ್ತು. ಹರಕೆ ಬಾಕಿ ಇರುವವರೆಗೆ ಮಗನಿಗೆ ಸೈಕಲ್ ಮುಟ್ಟಲೂ ಬಿಟ್ಟಿರಲಿಲ್ಲ. ಇಡೀ ಸಾತಪುರದಲ್ಲಿ ಸೈಕಲ್ ಬಾರದ ಮನುಷ್ಯ ಅವನೊಬ್ಬನೇ ಇರಬೇಕು.

ವಿಶ್ವನಾಥಪ್ಪನವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರು ಎರಡೂ ಕೈ ಚಾಚಿ ಗಂಟನ್ನು ತೆಗೆದುಕೊಂಡು ಹಣೆಗೆ ಮುಟ್ಟಿಸಿಕೊಂಡರು. "ಆತ್ರಿ ಆಯಿ," ಎಂದರು. ಸುಳ್ಳು ಹರಕೆ ಖರೆಯಾದದ್ದು ಆಗ. ಆ ಕ್ಷಣ ನನಗೆ ಅವರ ಮೇಲೆ ಬಂದ ಗೌರವ ಇಂದಿಗೂ ಇಳಿದಿಲ್ಲ.

ಭುವನೇಶ್ವರಿಯವರು ತೀರ್ಪು ಕೊಟ್ಟರು: "ಊರ ತುಂಬ ಬಾಯಿ ಬಿಟ್ಟವರು ಬ್ಯಾಂಕ್ ಸಾಹೇಬ್ರು. ಹಿಂದ ಹೋಗಿ ಕಾಯೋರೂ ಅವರೇ." ಹಾಗಾಗಿ ಹತ್ತೊಂಬತ್ತು ಕಾಯಿ ನನ್ನ ಸ್ಕೂಟರಿಗೆ, ಮುಡಿಪು ಸೈಕಲ್ಲಿನ ಹ್ಯಾಂಡಲಿಗೆ.

ಶ್ರಾವಣದ ಶನಿವಾರ ನಸುಕಿನಲ್ಲಿ ತ್ರ್ಯಂಬಕದಿಂದ ಹೊರಟೆವು. ಮೊದಲ ದಿನ ನಿಫಾಡದವರೆಗೆ ಬಂದರು. ನನಗಂತೂ ಪವಾಡವೆನಿಸಿತು. ಇಪ್ಪತ್ತೊಂದು ಗೇರುಗಳಲ್ಲಿ ಅವರಿಗೆ ಒಗ್ಗಿದ್ದು ಒಂದೇ. ಉಳಿದ ಇಪ್ಪತ್ತನ್ನು ಸೈಕಲ್ಲು ತಾನಾಗಿಯೇ ಬದಲಿಸುತ್ತಿತ್ತು, ತನಗೆ ತಿಳಿದಾಗ. ದಪ್ಪ ಟಯರು ಡಾಂಬರಿಗೆ ಅಂಟಿಕೊಂಡು ಗುಂಯ್‌ಗುಡುತ್ತಿತ್ತು. ಕುಣಿಯುವ ಶಾಕಪ್ಪಿನಿಂದ ಅವರು ಪ್ರತಿ ಮೈಲಿಗೂ ಒಮ್ಮೆ ನಮಸ್ಕಾರ ಮಾಡಿದಂತೆ ಕಾಣುತ್ತಿದ್ದರು. ಎರಡನೆಯ ದಿನ ಯೇವಲಾ ದಾಟಿದರು. ಸ್ಕೂಟರಿನ ಮೇಲೆ ಅಷ್ಟು ಸಾವಕಾಶ ಹೋಗಿ ನನಗೇ ಸೊಂಟ ನೋವು ಬಂತು. ದಾರಿಯಲ್ಲಿ ಭಗವಾ ಧ್ವಜ ನೋಡಿದವರೆಲ್ಲ ಚಹಾ ಕೊಟ್ಟರು. ಮೂವರು ಕಾಯಿಯನ್ನೂ ಕೊಟ್ಟರು.

ಸೋಮವಾರ ಬೆಳಿಗ್ಗೆ ವೈಜಾಪುರದ ಹೊರಗೆ ಒಂದು ಸಣ್ಣ ಏರು ಬಂತು. ವಿಶ್ವನಾಥಪ್ಪನವರು ಧೈರ್ಯ ಮಾಡಿ ಗೇರು ಬದಲಿಸಿದರು. ಚೈನನ್ನು ಒಂದು ಹಲ್ಲಿನಿಂದ ಇನ್ನೊಂದಕ್ಕೆ ದಾಟಿಸುವ ಹಿಂದಿನ ಸಲಕರಣೆ ಕಳಚಿ ಚಕ್ರದೊಳಗೆ ಹೋಯಿತು. ನಾಲ್ಕು ಸ್ಪೋಕು ಮುರಿದವು. ಚೈನು ಗಂಟಾಗಿ ನೇತಾಡಿತು.

ವೈಜಾಪುರದ ಸೈಕಲ್ ಮಿಸ್ತ್ರಿ ನೋಡಿ ತಲೆ ಕೊಡವಿದ. ಈ ಸಾಮಾನು ಸಂಭಾಜಿನಗರದಲ್ಲಿ ಸಿಕ್ಕರೆ ಸಿಕ್ಕಿತು, ಸಾದಾ ಸೈಕಲ್ ಇದ್ದಿದ್ದರೆ ಹತ್ತು ನಿಮಿಷದ ಕೆಲಸ ಎಂದು ಮರಾಠಿಯಲ್ಲಿ ಹೇಳಿ, ಚೈನನ್ನು ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟ. ವಿಶ್ವನಾಥಪ್ಪನವರಿಗೆ ಸಮೀರನ ನೆನಪಾಗಿರಬೇಕು, ಕಣ್ಣು ಮುಚ್ಚಿಕೊಂಡರು. ಬಾಡಿಗೆಗೆ ಯಾವುದಾದರೂ ಸೈಕಲ್ ಕೊಡು ಎಂದರೆ ಅವನಲ್ಲಿದ್ದದ್ದು ಒಂದೇ, ಮುಂದೆ ಬುಟ್ಟಿಯಿದ್ದ ಮಕ್ಕಳ ಗುಲಾಬಿ ಸೈಕಲ್ಲು. ಅದನ್ನೂ ಹತ್ತಿ ನೋಡಿದರು. ಮೊಣಕಾಲು ಗದ್ದಕ್ಕೆ ಬಡಿಯಿತು.

ವೇರೂಳ ಇನ್ನೂ ಐವತ್ತು ಅರವತ್ತು ಕಿಲೋಮೀಟರು. "ಮುಡಿಪು ನನ್ನ ಕೈಯಾಗ ಕೊಡ್ರಿ, ಸ್ಕೂಟರ್ ಮ್ಯಾಲ ಮುಟ್ಟಿಸಿ ಬರ್ತೀನಿ," ಎಂದೆ.

"ಆಯಿ ಎರಡ್ ಅಂತಸ್ತು ಹತ್ತಿ ಬಂದಾರ್ರಿ," ಎಂದರು. ಅಷ್ಟೇ ಅಂದರು.

ಆಗ ಉಳ್ಳಾಗಡ್ಡಿ ಚೀಲ ಹೇರಿದ ಒಂದು ಪಿಕಪ್ ಬಂದು ನಿಂತಿತು. ವೇರೂಳದ ಹಾದಿಯಲ್ಲೇ ಹೋಗುವುದಾಗಿ ಡ್ರೈವರ್ ಹೇಳಿದ. ವಿಶ್ವನಾಥಪ್ಪನವರು ಅದನ್ನೇ ನೋಡುತ್ತ ನಿಂತರು. ಮುಖದ ಮೇಲೆ ಸ್ಟೋರ್ ಕೀಪರನ ಕಳೆ ಬಂತು.

"ಸಾಹೇಬ್ರ, ನಮ್ಮ ಸ್ಟೋರಿಗೆ ಪೇಟಿ ಬರ್ತದ. ಲಾರಿಯಾಗ ಬಂತೋ ರೈಲಿನ್ಯಾಗ ಬಂತೋ ನಾವು ನೋಡಂಗಿಲ್ಲ. ಪೇಟಿಯ ಸೀಲ್ ಒಡದಿಲ್ಲಂದ್ರ ಮಾಲು ಪಾಸ್. ನಾ ಸೈಕಲ್ ಮ್ಯಾಲಿಂದ ಇಳೀಲಿಲ್ಲಂದ್ರ ಸೀಲ್ ಒಡೀತದೇನ್ರಿ?"

ಧರ್ಮಶಾಸ್ತ್ರದಲ್ಲಿ ಇದಕ್ಕೆ ಉತ್ತರವಿದೆಯೋ ಇಲ್ಲವೋ ನಾನರಿಯೆ. ಸೈಕಲ್ಲನ್ನು ಪಿಕಪ್ಪಿನ ಮೇಲೆ ಏರಿಸಿ, ಎರಡೂ ಕಡೆ ಚೀಲ ಒತ್ತರಿಸಿ, ಹಗ್ಗದಿಂದ ಬಿಗಿದರು. ವಿಶ್ವನಾಥಪ್ಪನವರು ಹೆಲ್ಮೆಟ್ ಹಾಕಿಕೊಂಡು ಸೀಟಿನ ಮೇಲೆ ಕೂತರು. ಗಾಡಿ ಹೊರಟಿತು. ಹಿಂದೆ ಸ್ಕೂಟರಿನಲ್ಲಿ ನಾನು. ಅರ್ಧ ಮೈಲು ಹೋಗುವಷ್ಟರಲ್ಲಿ ಅವರ ಕಾಲು ಆಡತೊಡಗಿದವು. ಚೈನಿಲ್ಲದ ಪೆಡಲು ಗಿರಗಿರ ತಿರುಗುತ್ತಿತ್ತು.

"ಯಾಕ್ರಿ?" ಎಂದು ಕೂಗಿದೆ.

"ಸುಮ್ನ ಕುಂತ್ರ ಮೋಸ ಆಗ್ತದ್ರಿ!" ಎಂದು ಅವರೂ ಕೂಗಿದರು.

ದೇವಗಾಂವದ ಹತ್ತಿರ ಹೆದ್ದಾರಿಯ ಪೊಲೀಸರು ಪಿಕಪ್ಪನ್ನು ತಡೆದರು. ಹವಾಲ್ದಾರರು ಬಹಳ ಹೊತ್ತು ಮೇಲೆ ನೋಡಿದರು. ಉಳ್ಳಾಗಡ್ಡಿಯ ರಾಶಿಯ ಮೇಲೆ ಒಬ್ಬ ಪ್ರೌಢ ಗೃಹಸ್ಥ, ಹೆಲ್ಮೆಟ್ಟು, ಧ್ವಜ, ಎಲ್ಲಿಗೂ ಹೋಗದ ಪೆಡಲು. "ಕಾಕಾ, ಖಾಲೀ ಉತರಾ," ಇಳಿಯಿರಿ ಎಂದರು.

"ಉತರಲೋ ತರ ನವಸ ಮೋಡತೋ, ಸಾಹೇಬ!" ಇಳಿದರೆ ಹರಕೆ ಮುರಿಯುತ್ತದೆ ಎಂದು ವಿಶ್ವನಾಥಪ್ಪನವರು ಮೇಲಿನಿಂದಲೇ ಕೈ ಮುಗಿದರು.

ನಾನು ಸ್ಕೂಟರು ನಿಲ್ಲಿಸಿ, ನನಗೆ ಬರುವ ಅರ್ಧ ಮರಾಠಿಯಲ್ಲಿ ಆಯಿಯ ಕಥೆಯನ್ನೆಲ್ಲ ಹೇಳಿದೆ. ಹವಾಲ್ದಾರರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. ಹೀಗೆ ಮನುಷ್ಯನನ್ನು ಹೇರಿಕೊಂಡು ಹೋಗುವುದು ತಪ್ಪು ಎಂದು ಡ್ರೈವರನಿಗೆ ಬೈದು, ಇಪ್ಪತ್ತರ ಮೇಲೆ ಓಡಿಸಿದರೆ ಜೋಕೆ ಎಂದರು. ಆಮೇಲೆ ಅತ್ತಿತ್ತ ನೋಡಿ, ಜೇಬಿನಿಂದ ಹನ್ನೊಂದು ರೂಪಾಯಿ ತೆಗೆದು ಮೇಲೆ ಚಾಚಿದರು. ಮೂರು ವರ್ಷದಿಂದ ಅವರ ವರ್ಗಾವಣೆ ನಿಂತುಹೋಗಿತ್ತಂತೆ.

ವೇರೂಳದ ಗುಡಿಯ ಹೊರಗೆ ಪಿಕಪ್ಪಿನಿಂದ ಸೈಕಲ್ಲನ್ನು ಅವರ ಸಮೇತ ಇಳಿಸಲು ಆರು ಜನ ಬೇಕಾಯಿತು. ಶ್ರಾವಣ ಸೋಮವಾರದ ಸರದಿಯಲ್ಲಿ ನಾಲ್ಕು ತಾಸು ನಿಂತೆವು. ಮುಡಿಪು ಮುಟ್ಟಿತು. ಇಪ್ಪತ್ತೆರಡು ಕಾಯಿಗಳನ್ನು ನಾನೇ ಒಡೆಸಿದೆ. ವಿಶ್ವನಾಥಪ್ಪನವರು ದೇವರ ಮುಂದೆ ಕಣ್ಣು ಮುಚ್ಚಿ ಏನು ಬೇಡಿಕೊಂಡರೋ ಕೇಳಲಿಲ್ಲ, ಕ್ಷಮೆಯೇ ಇರಬೇಕು.

ಮರುದಿನ ಕೆಟ್ಟ ಸೈಕಲ್ಲಿನ ಸಮೇತ ನಾಸಿಕ ಮುಟ್ಟಿದಾಗ ಬಿಲ್ಡಿಂಗಿನ ಮುಂದೆ ಎಲ್ಲರೂ ನಿಂತಿದ್ದರು. ಮಹಾದೇವಪ್ಪನವರ ಕೈಯಲ್ಲಿ ಹಾರವಿತ್ತು. ಭುವನೇಶ್ವರಿಯವರು ಆರತಿ ಹಿಡಿದಿದ್ದರು. ಗಂಡನಿಗೆ ಏನೂ ಆಗಿಲ್ಲ ಎಂದು ಗೊತ್ತಾದ ಮೇಲೆ ಅವರಿಗೆ ಸಿಟ್ಟು ಬರಲು ಅವಕಾಶ ಸಿಕ್ಕಿತ್ತು, ಆದರೂ ತಡೆದುಕೊಂಡಿದ್ದರು. ಆಯಿಯನ್ನು ಕುರ್ಚಿಯ ಮೇಲೆ ಕೂಡಿಸಿದ್ದರು.

"ಸೈಕಲ್ ಮ್ಯಾಲೇ ಮುಟ್ಟಿಸಿದಿ ಏನಪ್ಪಾ?" ಎಂದರು ಆಯಿ.

ಹೌದು ಎಂದಿದ್ದರೆ ಮುಗಿದಿತ್ತು. ನಾನು ಅವರ ಬೆನ್ನಿಗೆ ಮೆಲ್ಲಗೆ ತಿವಿದೆ ಕೂಡ. ಆದರೆ ಒಂದು ಸುಳ್ಳಿಗೆ ಇನ್ನೂರು ಕಿಲೋಮೀಟರು ತೆತ್ತ ಮನುಷ್ಯ ಇನ್ನೊಂದಕ್ಕೆ ಸಿದ್ಧನಿರಲಿಲ್ಲ. ಆಯಿಯ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದರು. ಅಂಗಡಿಯ ಸುಳ್ಳು, ವೈಜಾಪುರದ ಏರು, ಪಿಕಪ್ಪು, ಚೈನಿಲ್ಲದ ಪೆಡಲು. "ಕಡೀ ಅರವತ್ತ್ ಕಿಲೋಮೀಟರ್ ಗಾಡಿ ಮ್ಯಾಲ ಹೋದೆ, ಆಯಿ. ನಿಮ್ಮ ಹರಕಿ ಕೆಡಿಸಿದ್ನೇನೋ. ಬರೋ ಶ್ರಾವಣಕ್ಕ ಮತ್ತ ಹೋಗ್ತೀನಿ, ಸಾದಾ ಸೈಕಲ್ ಮ್ಯಾಲ."

ನಾಗಮ್ಮ ಬಾಯಿಗೆ ಸೆರಗು ಹಿಡಿದರು. ಆಯಿಯ ಭುಜ ಅಲುಗಾಡಿತು. ಅಳುತ್ತಿದ್ದಾರೆ ಎಂದುಕೊಂಡೆವು. ಅವರು ನಗುತ್ತಿದ್ದರು.

"ನಮ್ಮ ಮನಿಯವರು ಮೂವತ್ತ್ ವರ್ಷ ಸೈಕಲ್ ಮ್ಯಾಲ ಕಂಪನಿಗೆ ಹೋದ್ರು ಅಂತ ಎಲ್ಲಾರೂ ಹೇಳ್ತಾರ," ಎಂದರು, ಕಣ್ಣೊರೆಸಿಕೊಳ್ಳುತ್ತ. "ಏರು ಬಂತಂದ್ರ ಸಾಕು, ಎಡಗೈಲೆ ಲಾರಿ ಸರಪಳಿ ಹಿಡಕೊಂಡು ಜೋತ ಬೀಳ್ತಿದ್ರು. ನಾ ಎಷ್ಟ್ ಬೈತಿದ್ದೆ! ಅಂಥವರು ಬೇಡಿಕೊಂಡ ಹರಕಿ ಇದು. ಅವರಿದ್ರೂ ಹಿಂಗೇ ಮುಟ್ಟಿಸ್ತಿದ್ರು, ತಮ್ಮಾ. ಪೆಡಲ್ ಮಾತ್ರ ತುಳೀತಿರಲಿಲ್ಲ." ಮತ್ತೆ ಮಗನ ಕಡೆ ತಿರುಗಿದರು. "ರವೀ, ತೀರಿತಪ್ಪಾ. ಇನ್ನ ನೀ ಸೈಕಲ್ ಕಲಿ."

ಸಮೀರ ಇಪ್ಪತ್ತು ಗೇರು ಬಿಚ್ಚಿ ಹಾಕಿ ಒಂದನ್ನು ಉಳಿಸಿ, ಹೊಸ ಚೈನು ಹಾಕಿಕೊಟ್ಟ. ಈಗ ದಿನಾ ಬೆಳಿಗ್ಗೆ ನಮ್ಮ ಓಣಿಯಲ್ಲಿ ಮೂವತ್ತಾರು ವರ್ಷದ ರವಿಕಾಂತ ಕೆಂಪು ಸೈಕಲ್ಲಿನ ಮೇಲೆ ಓಲಾಡುತ್ತ ಹೋಗುತ್ತಾನೆ. ಕಿಟಕಿಯಲ್ಲಿ ಆಯಿ ಕೂತು "ಮುಂದ ನೋಡೋ, ಮುಂದ ನೋಡೋ" ಎಂದು ಕೂಗುತ್ತಾರೆ. ಸೀಟಿನ ಹಿಂಬದಿ ಹಿಡಿದುಕೊಂಡು ವಿಶ್ವನಾಥಪ್ಪನವರು ಓಡುತ್ತಾರೆ. ಅವನಿಗಿನ್ನೂ ಸೈಕಲ್ ಬಂದಿಲ್ಲ. ಆದರೆ ಹೋದ ವಾರ ಕಂಪನಿಯ ಡಾಕ್ಟರು ವಿಶ್ವನಾಥಪ್ಪನವರ ಹೊಟ್ಟೆಯನ್ನು ಎರಡು ಕಡೆ ಒತ್ತಿ ನೋಡಿ, ನಾಲ್ಕು ಕಿಲೋ ಇಳಿದಿದೆ, ಸೈಕಲ್ಲು ಒಳ್ಳೆಯದು, ಬಿಡಬೇಡಿ ಎಂದರಂತೆ.